ಶ್ರೀಶೈಲದ ಕಾಲುದಾರಿಯೂ ದಂಪತಿಗಳ ಯಾತ್ರೆಯೂ

ತೀರ್ಥಯಾತ್ರೆಯನ್ನು ಕುರಿತ ನಮ್ಮ ಬರವಣಿಗೆಗಳಲ್ಲಿ ಯಾತ್ರಿಕನು ಹೊರಟ ಊರು, ಸೇರಿದ ಕ್ಷೇತ್ರ ಇವೆರಡರ ವಿಚಾರ ವಿಪುಲವಾಗಿ ದೊರೆಯುತ್ತದೆ. ನಡುವೆ ಅವನು ಕಳೆದ ಒಂದೊಂದು ದಿನದ ವಿಚಾರ ವಿರಳ. ಶಾಸನಗಳು ಸೋಪಾನಗಳನ್ನು ಕಟ್ಟಿಸಿದವರನ್ನು ಹೆಸರಿಸುತ್ತವೆ, ಹತ್ತಿದವರನ್ನು ಹೆಸರಿಸುವುದಿಲ್ಲ. ಅದರಲ್ಲಿಯೂ ಗಂಡಹೆಂಡಿರು ಜೊತೆಯಾಗಿ ನಡೆದಾಗ ಆ ಯಾತ್ರೆ ಯಾರದೆಂಬ ಪ್ರಶ್ನೆಯನ್ನು ಎತ್ತಿದವರು ಕಡಮೆ. ಯುಗಾದಿಯ ಸಮಯದಲ್ಲಿ ಕನ್ನಡ ನಾಡಿನಿಂದ ಶ್ರೀಶೈಲಕ್ಕೆ ನಡೆಯುವ ಪಾದಯಾತ್ರೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರಕಾರರ ಅಭಿಪ್ರಾಯವನ್ನು ಮೊದಲು ನೋಡಬಹುದು. ಪದ್ಮಪುರಾಣದ ಭೂಮಿಖಂಡದಲ್ಲಿ ಕೃಕಲನೆಂಬ ವಾರಾಣಸಿಯ ವೈಶ್ಯನ ಕಥೆಯಿದೆ. ದಾರಿಯ ಕಷ್ಟವನ್ನು ಹೆಂಡತಿಯಾದ ಸುಕಲೆಯು ತಾಳಲಾರಳೆಂದು ಬಗೆದು, ಅವಳನ್ನು ಮನೆಯಲ್ಲಿಯೇ ಬಿಟ್ಟು ಅವನು ತೀರ್ಥಗಳನ್ನು ಸುತ್ತುತ್ತಾನೆ. ಆದರೆ ಪತ್ನಿಯನ್ನು ತೊರೆದು ಮಾಡಿದ ಯಾತ್ರೆಯೂ ಶ್ರಾದ್ಧವೂ ನಿಷ್ಫಲವೆಂದು ತಿಳಿದು ಮನೆಗೆ ಮರಳಬೇಕಾಗುತ್ತದೆ. ಕಥೆ ಹೆಂಡತಿಯ ಪಕ್ಷವನ್ನು ವಹಿಸಿದೆಯೆಂಬುದು ನಿಜ. ಆದರೂ ಅಲ್ಲಿ ಯಾತ್ರೆ ಗಂಡನದು, ಫಲವೂ ಅವನದು; ಹೆಂಡತಿ ಆ ಫಲವನ್ನು ಪೂರ್ಣಗೊಳಿಸುವ ಸಹಧರ್ಮಿಣಿ ಮಾತ್ರ.

ಶ್ರೀಶೈಲದ ವಿಷಯದಲ್ಲಿ ಜನಪದರ ಭಾವನೆ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೊದಲಾದ ಜಿಲ್ಲೆಗಳಿಂದ ಕಂಬಿಗಳನ್ನು ಹೊತ್ತು ನಡೆದುಬರುವ ಭಕ್ತರಿಗೆ ಭ್ರಮರಾಂಬೆಯು ತಮ್ಮ ಮನೆಯ ಮಗಳು, ಮಲ್ಲಿಕಾರ್ಜುನನು ಅಳಿಯ. ಯುಗಾದಿಗೆ ಅವರು ಹೋಗುವುದು ಮಗಳನ್ನು ಕೊಟ್ಟ ಮನೆಗೆ. ಆದುದರಿಂದ ಸೀರೆ, ಕುಬಸದ ಖಣ, ಅರಿಶಿನ ಕುಂಕುಮ, ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲುಗಳನ್ನು ಗಂಟುಕಟ್ಟಿ ಒಯ್ಯುತ್ತಾರೆ. ಉಡಿ ತುಂಬುವುದು ತಾಯಿಯ ಅಧಿಕಾರ. ತಂದೆಯೊಬ್ಬನೇ ಹೋದರೆ ಆ ಕಾರ್ಯ ನಡೆಯದು. ಇಲ್ಲಿ ಹೆಂಡತಿಯು ಗಂಡನ ಯಾತ್ರೆಗೆ ಜೊತೆಯಾಗುವುದಿಲ್ಲ. ಗಂಡನೇ ಹೆಂಡತಿಯ ಯಾತ್ರೆಗೆ ಜೊತೆಯಾಗುತ್ತಾನೆ. ಈ ವ್ಯತ್ಯಾಸವು ಗ್ರಂಥಗಳಿಗಿಂತ ದಾರಿಯ ಒಂದು ದಿನದ ನಡೆವಳಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಯಾತ್ರೆಯ ಕಡೆಯ ಭಾಗ ಆಂಧ್ರಪ್ರದೇಶದ ನಲ್ಲಮಲ ಅರಣ್ಯದೊಳಗೆ ಸಾಗುತ್ತದೆ. ಆತ್ಮಕೂರಿನಿಂದ ಬೆಟ್ಟದ ಬುಡದ ವೆಂಕಟಾಪುರಕ್ಕೆ ಬಂದು, ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು, ಕೈಲಾಸದ್ವಾರಗಳ ಮೂಲಕ ಕ್ಷೇತ್ರವನ್ನು ಸೇರುವರು. ಈ ಕಾಡು ಇಂದು ಹುಲಿಗಳ ರಕ್ಷಿತಾರಣ್ಯ. ಶಿವರಾತ್ರಿ ಯುಗಾದಿಗಳ ಕಾಲದಲ್ಲಿ ಯಾತ್ರಿಕರಿಗೆ ದಾರಿ ತೆರೆದಿರುತ್ತದೆ. ಕೊಂಡವೀಡಿನ ರೆಡ್ಡಿ ಅರಸನಾದ ಪ್ರೋಲಯ ವೇಮಾರೆಡ್ಡಿಯು 14ನೆಯ ಶತಮಾನದಲ್ಲಿ ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯ ದಶಕದಲ್ಲಿ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಕ್ಷೇತ್ರದಿಂದ ಕೃಷ್ಣೆಗೆ, ಎಂದರೆ ಪಾತಾಳಗಂಗೆಗೆ, ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು.

2024ರ ಯುಗಾದಿಗೆ ಮುನ್ನ ನಾನೂ ನನ್ನ ಪತ್ನಿಯೂ ಬಸವಾಪಟ್ಟಣದಿಂದ ವಾಹನದಲ್ಲಿ ಆತ್ಮಕೂರಿಗೆ ಹೋಗಿ, ಕಾಡಿನ ದಾರಿಯನ್ನು ಮಾತ್ರ ನಡೆದೆವು. ಪೆಚ್ಚೆರುವಿನಿಂದ ಕೈಲಾಸದ್ವಾರದವರೆಗಿನ ದಿನವನ್ನು ಇಲ್ಲಿ ಉದಾಹರಿಸುತ್ತೇನೆ. ಬಿಸಿಲಿಗೆ ಅಂಜಿ ನಸುಕಿಗೆ ಮೊದಲೇ ಜನ ಎದ್ದರು. ಹೆಂಗಸರು ಮೊದಲು ನೋಡಿಕೊಂಡದ್ದು ಉಡಿಯ ಗಂಟನ್ನು. ಅನಂತರ ನೀರಿನ ಕೊಡಪಾನವನ್ನು. ಬಾಗಲಕೋಟೆಯ ಕಡೆಯ ವೃದ್ಧ ದಂಪತಿಗಳು ನಮಗೆ ಜೊತೆಯಾದರು. ಅವರಲ್ಲಿ ಅಜ್ಜಿ ಮುಂದೆ, ಅಜ್ಜ ಹಿಂದೆ. ಕಾರಣ ಕೇಳಿದಾಗ ಅಜ್ಜ, "ಸಾವಕಾಶ ನಡಿಯೋರು ಮುಂದಿರಬೇಕ್ರಿ; ಹಿಂದ ಬಿದ್ರ ಅವ್ರು ಉಳದ ಹೋಗ್ತಾರ" ಎಂದರು. ಅರಿಶಿನದ ಗಂಟನ್ನು ತಾವು ಹೊರುತ್ತೇವೆಂದರೂ ಅಜ್ಜಿ ಅದನ್ನು ಅವರ ಕೈಗೆ ಕೊಡಲಿಲ್ಲ. ಬುತ್ತಿ, ಹಾಸಿಗೆ, ನೀರು ಎಲ್ಲವೂ ಅಜ್ಜನ ಹೆಗಲ ಮೇಲಿದ್ದವು.

ನಡುಹಗಲಿಗೆ ಮೊದಲು ಭೀಮುನಿಕೊಲನಿನ ಕೊಳ್ಳಕ್ಕೆ ಇಳಿದೆವು. ಅಷ್ಟರಲ್ಲಿ ನನ್ನ ಪತ್ನಿಯ ಅಂಗಾಲಿನಲ್ಲಿ ಬೊಕ್ಕೆಗಳೆದ್ದು, ಎದುರಿನ ಕಡಿದಾದ ಮೆಟ್ಟಿಲುಗಳನ್ನು ಹತ್ತುವುದು ದುಸ್ತರವಾಗಿ ತೋರಿತು. ಜೊತೆಯ ತಂಡದವರು ಮುಂದೆ ಹೋದರು. "ನೀವು ಅವರೊಡನೆ ನಡೆಯಿರಿ, ನಾನು ಹೆಂಗಸರ ಜೊತೆ ನಿಧಾನವಾಗಿ ಬರುತ್ತೇನೆ" ಎಂದು ಅವಳು ಹೇಳಿದಳು. ಅಜ್ಜಿ ಆಕೆಯ ಕಾಲಿಗೆ ಎಣ್ಣೆ ಹಚ್ಚುತ್ತ, "ಮಗಳ ಮನೀಗೆ ತಾಯಿ ಬಿಟ್ಟು ತಂದಿ ಮೊದ್ಲ ಹ್ವಾದ್ರ, ಮಗಳು ಏನ್ ಕೇಳ್ತಾಳ್ ತಂಗಿ? 'ಅವ್ವ ಎಲ್ಲಿ' ಅಂತಾಳ" ಎಂದರು. ಆ ಮಾತಿಗೆ ಎದುರು ಹೇಳುವಂತಿರಲಿಲ್ಲ. ಬಿಸಿಲು ಇಳಿಯುವವರೆಗೆ ನೆರಳಿನಲ್ಲಿ ಕುಳಿತು, ಅನಂತರ ಅವಳನ್ನು ಮುಂದೆ ಬಿಟ್ಟು ಹತ್ತಿದೆವು. ಕೈಲಾಸದ್ವಾರವನ್ನು ಮುಟ್ಟಿದಾಗ ಕತ್ತಲೆಯಾಗಿತ್ತು.

ಈ ಒಂದು ದಿನದಿಂದ ಎರಡು ಅಂಶಗಳು ತಿಳಿಯುತ್ತವೆ. ಮೊದಲನೆಯದು: ದಿನದ ಪಯಣದ ಅಳತೆ ಬಲಿಷ್ಠನ ನಡಿಗೆಯಲ್ಲ, ನಿಧಾನವಾಗಿ ನಡೆಯುವವರ ನಡಿಗೆ. ಹಳೆಯ ದಾರಿಗಳಲ್ಲಿರುವ ಕೊಳ, ಮಂಟಪ, ಅರವಟಿಗೆಗಳ ನಡುವಣ ಅಂತರವನ್ನು ಅಳೆಯುವ ಸಂಶೋಧಕರು ಇದನ್ನು ಗಮನಿಸಬೇಕು. ಎರಡನೆಯದು: ಹೆಂಡತಿಯನ್ನು ಬಿಡಬಾರದೆಂಬ ತೀರ್ಮಾನ ಪುರಾಣಕ್ಕೂ ಅಜ್ಜಿಗೂ ಸಮಾನವಾದರೂ ಕಾರಣ ಬೇರೆ. ಪುರಾಣಕ್ಕೆ ಗಂಡನ ಪುಣ್ಯದ ಲೋಪ ಮುಖ್ಯ. ಅಜ್ಜಿಗೆ ಮಗಳ ಮುಖ ಮುಖ್ಯ.

ದೇವರೊಡನೆ ಈ ಬಗೆಯ ಮದುವೆಯ ನಂಟನ್ನು ಹೇಳಿಕೊಳ್ಳುವವರು ಕನ್ನಡಿಗರು ಮಾತ್ರವಲ್ಲ. ಅದೇ ಕಾಡಿನ ಚೆಂಚು ಜನ ಮಲ್ಲಿಕಾರ್ಜುನನು ತಮ್ಮ ಕುಲದ ಹೆಣ್ಣನ್ನು ವರಿಸಿದನೆಂದು ನಂಬಿ, ಅವನನ್ನು ಚೆಂಚು ಮಲ್ಲಯ್ಯನೆಂದು ಕರೆಯುತ್ತಾರೆ. 12ನೆಯ ಶತಮಾನದ ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಬಗೆದು, ಲೌಕಿಕ ದಾಂಪತ್ಯವನ್ನು ತೊರೆದು, ಕಲ್ಯಾಣದ ಮಾರ್ಗವಾಗಿ ಶ್ರೀಶೈಲಕ್ಕೆ ನಡೆದಳೆಂಬುದು ಪರಂಪರೆ. ಅವಳ ಉಡುತಡಿಯು ನಮ್ಮ ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಈ ಮೂರನ್ನೂ ಒಂದೇ ಮೂಲಕ್ಕೆ ಜೋಡಿಸಬೇಕಾಗಿಲ್ಲ. ಆದರೆ ಮೂರರಲ್ಲಿಯೂ ಹೆಣ್ಣಿನ ಮೂಲಕವೇ ಕ್ಷೇತ್ರದೊಡನೆ ಸಂಬಂಧ ಏರ್ಪಟ್ಟಿದೆ ಎಂಬುದು ವಿಚಾರಾರ್ಹ.

ಬಸವಾಪಟ್ಟಣದ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ ಬೆಟ್ಟದ ಕೋಟೆಯನ್ನೂ, ಮುಂದೆ ತರೀಕೆರೆಗೆ ಸರಿದ ನಾಯಕರನ್ನೂ, 17ನೆಯ ಶತಮಾನದ ಪೂರ್ವಾರ್ಧದಲ್ಲಿ ಬಂದ ಬಿಜಾಪುರದ ಸೈನ್ಯವನ್ನೂ ನೆನೆಯುತ್ತೇವೆ. ಕೋಟೆಯ ಕೆಳಗಣ ಮನೆಗಳಲ್ಲಿಯೂ ಮಗಳ ಮಡಿಲು ತುಂಬಿ ಕಳುಹಿಸುವ ಪದ್ಧತಿ ನಿಂತಿಲ್ಲ. ದೂರದ ದೇವರುಗಳಿಗೆ ನಡೆದುಹೋದ ಹಿರಿಯರೂ ಇದ್ದಾರೆ. ವಿದ್ಯಾರ್ಥಿಗಳು ಅಂಥ ದಂಪತಿಗಳನ್ನು ಕಾಣುವಾಗ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರ ಉತ್ತರಗಳನ್ನೂ ಬರೆದಿಡಬೇಕು. ಎಲ್ಲಿ ತಂಗಿದಿರಿ, ಯಾರು ಏನನ್ನು ಹೊತ್ತಿರಿ, ಹರಕೆ ಯಾರದು ಎಂಬ ಮೂರು ಪ್ರಶ್ನೆಗಳು ಮೊದಲಿಗೆ ಸಾಕು.