ವೃಷಣ ಇಳಿದು ಬಂದ ದಾರಿ: ಹತ್ತನೆಯ ತರಗತಿಯ ಒಂದು ಪಾಠದ ಬಗ್ಗೆ

ಹತ್ತನೆಯ ತರಗತಿಯ ಸಂತಾನೋತ್ಪತ್ತಿ ಘಟಕದಲ್ಲಿ ಪುರುಷರ ಸಂತಾನೋತ್ಪತ್ತಿ ವ್ಯೂಹಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಅವಧಿ ಇಟ್ಟುಕೊಳ್ಳುತ್ತಾರೆ. ಪಾಠ ಯೋಜನೆಯಲ್ಲಿ ಬೋಧನೋದ್ದೇಶದ ಕೆಳಗೆ 'ಭಾಗಗಳನ್ನು ಗುರುತಿಸುವನು, ಹೆಸರಿಸುವನು' ಎಂದಿರುತ್ತದೆ. ಚಾರ್ಟು ತೂಗುಹಾಕಿ, ಕೋಲಿನಿಂದ ಒಂದೊಂದೇ ಭಾಗ ತೋರಿಸಿ, ಕಪ್ಪುಹಲಗೆಯ ಮೇಲೆ ಸಾರಾಂಶ ಬರೆದು ಮುಗಿಸುತ್ತಾರೆ. ಮೇಲ್ವಿಚಾರಣೆಗೆಂದು ಹಿಂದಿನ ಬೆಂಚಿನಲ್ಲಿ ಕೂತು ಇಂಥ ಎಷ್ಟೋ ಪಾಠ ನೋಡಿದ್ದೇನೆ. ಹೆಸರುಗಳೆಲ್ಲ ಸರಿಯಾಗಿಯೇ ಇರುತ್ತವೆ. ಚಿತ್ರ ಯಾಕೆ ಹಾಗಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ.

ಚಿತ್ರವನ್ನು ಸ್ವಲ್ಪ ನೋಡಿ. ವೃಷಣಗಳು ದೇಹದ ಹೊರಗೆ ಚೀಲದಲ್ಲಿವೆ. ಅಲ್ಲಿಂದ ಹೊರಟ ವೀರ್ಯನಾಳ ಪಕ್ಕದಲ್ಲೇ ಇರುವ ಶಿಶ್ನಕ್ಕೆ ನೇರವಾಗಿ ಸೇರುವುದಿಲ್ಲ. ಮೇಲೆ ಹತ್ತಿ, ತೊಡೆಸಂದಿಯ ಮೂಲಕ ಕಿಬ್ಬೊಟ್ಟೆಯೊಳಗೆ ಹೋಗಿ, ಮೂತ್ರಕೋಶದ ಹಿಂಬದಿಗೆ ಸುತ್ತಿ, ಮತ್ತೆ ಕೆಳಗಿಳಿದು ಮೂತ್ರವಿಸರ್ಜನಾ ನಾಳವನ್ನು ಸೇರುತ್ತದೆ. ಅಂಗೈ ಅಗಲದ ದೂರಕ್ಕೆ ಮೊಳದುದ್ದದ ನಾಳ! ಈ ಸುತ್ತು ಯಾತಕ್ಕೆ ಎಂದು ಕೇಳಿದರೆ ಇಡೀ ಪಾಠಕ್ಕೆ ಒಂದು ದಾರಿ ಸಿಗುತ್ತದೆ.

ಉತ್ತರ ಭ್ರೂಣಾವಸ್ಥೆಯಲ್ಲಿದೆ. ವೃಷಣಗಳು ಮೊದಲು ಹುಟ್ಟುವುದು ಈಗಿರುವ ಜಾಗದಲ್ಲಲ್ಲ, ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡಗಳ ಹತ್ತಿರ. ಅಲ್ಲಿಂದ ನಿಧಾನವಾಗಿ ಕೆಳಗೆ ಸರಿದು, ಗರ್ಭದ ಕೊನೆಯ ಮೂರು ತಿಂಗಳಲ್ಲಿ ತೊಡೆಸಂದಿಯ ಇಕ್ಕಟ್ಟಾದ ಹಾದಿಯಲ್ಲಿ ನುಸುಳಿ ವೃಷಣಚೀಲಕ್ಕೆ ಬಂದು ಸೇರುತ್ತವೆ. ಬರುವಾಗ ತಮ್ಮ ರಕ್ತನಾಳ, ನರ, ವೀರ್ಯನಾಳಗಳನ್ನು ಎಳೆದುಕೊಂಡೇ ಬರುತ್ತವೆ. ಹಾಗಾಗಿ ವೃಷಣಕ್ಕೆ ರಕ್ತ ಕೊಡುವ ಅಪಧಮನಿ ಇಂದಿಗೂ ಮೂತ್ರಪಿಂಡದ ಮಟ್ಟದಲ್ಲೇ ಮಹಾಪಧಮನಿಯಿಂದ ಕವಲೊಡೆಯುತ್ತದೆ. ವೀರ್ಯನಾಳವು ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳದ ಮೇಲೆ ದಾರದಂತೆ ಹಾದು ಹೋಗುವುದೂ ಇದೇ ಕಾರಣಕ್ಕೆ.

ಇದನ್ನು ತೋರಿಸಲು ಚಾರ್ಟು ಬೇಡ, ಸೀಮೆಸುಣ್ಣವೇ ಮೇಲು. ಮೊದಲು ಎರಡು ಮೂತ್ರಪಿಂಡ, ಎರಡು ಮೂತ್ರನಾಳ, ಮೂತ್ರಕೋಶ ಬರೆಯಿರಿ. ವಿಸರ್ಜನೆಯ ಪಾಠದಿಂದ ಮಕ್ಕಳಿಗೆ ಇವು ಗೊತ್ತು. ಆಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಮೂತ್ರಪಿಂಡಗಳ ಕೆಳಗೆ ವೃಷಣಗಳನ್ನು ಬರೆಯಿರಿ. ಡಸ್ಟರಿನಿಂದ ಒರೆಸಿ ಇನ್ನಷ್ಟು ಕೆಳಗೆ, ಮತ್ತೆ ಒರೆಸಿ ಇನ್ನೂ ಕೆಳಗೆ ಬರೆಯುತ್ತಾ ನಾಳವನ್ನು ಎಳೆಯುತ್ತಾ ಬನ್ನಿ. ಸುತ್ತು ತಾನಾಗಿಯೇ ಮೂಡುತ್ತದೆ. ಮೂತ್ರನಾಳ, ಮೂತ್ರವಿಸರ್ಜನಾ ನಾಳ ಎಂಬ ಎರಡು ಹೆಸರು ಉತ್ತರ ಪತ್ರಿಕೆಗಳಲ್ಲಿ ಸದಾ ಅದಲುಬದಲಾಗುತ್ತವೆ. ಈ ಚಿತ್ರದಲ್ಲಿ ಆ ಗೊಂದಲವೂ ಕಡಿಮೆಯಾಗುತ್ತದೆ.

ಹೊರಗೆ ಬರುವ ಅಗತ್ಯವೇನು ಎಂಬ ಪ್ರಶ್ನೆಗೆ ಪಠ್ಯಪುಸ್ತಕ ಉತ್ತರ ಕೊಟ್ಟಿದೆ: ವೀರ್ಯಾಣುಗಳ ಉತ್ಪಾದನೆಗೆ ದೇಹದ ತಾಪಕ್ಕಿಂತ ಕಡಿಮೆ ತಾಪ ಬೇಕು. ಮನುಷ್ಯರಲ್ಲಿ ಈ ವ್ಯತ್ಯಾಸ ಸುಮಾರು 2ರಿಂದ 3 ಡಿಗ್ರಿ ಸೆಲ್ಸಿಯಸ್. ಚಳಿಯಲ್ಲಿ ಸ್ನಾಯುಗಳು ವೃಷಣಗಳನ್ನು ಮೇಲೆಳೆದುಕೊಳ್ಳುತ್ತವೆ, ಸೆಕೆಯಲ್ಲಿ ಸಡಿಲ ಬಿಡುತ್ತವೆ. ಒಳಬರುವ ಬಿಸಿ ರಕ್ತದ ಅಪಧಮನಿಯನ್ನು ವಾಪಸಾಗುವ ತಂಪು ರಕ್ತದ ಅಭಿಧಮನಿಗಳು ಬಳ್ಳಿಯಂತೆ ಹಬ್ಬಿಕೊಂಡು ದಾರಿಯಲ್ಲೇ ತಣಿಸುತ್ತವೆ. ಒಂದು ಎಚ್ಚರಿಕೆ: 'ದೇಹದ ತಾಪದಲ್ಲಿ ವೀರ್ಯಾಣು ಆಗುವುದೇ ಇಲ್ಲ' ಎಂದು ಎಲ್ಲ ಪ್ರಾಣಿಗಳಿಗೂ ಅನ್ವಯಿಸಿ ಹೇಳಬೇಡಿ. ಆನೆಯ ವೃಷಣಗಳು ಕೊನೆಯವರೆಗೂ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಬಳಿಯಲ್ಲೇ ಇರುತ್ತವೆ. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, ಹುಂಜದ ವೃಷಣಗಳೂ ಒಳಗೇ. ತರಗತಿಯಲ್ಲಿ ಕೋಳಿ ಅಂಗಡಿಯವರ ಮಗ ಇದ್ದರೆ ಅವನಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ವೀರ್ಯಾಣುವಿನ ಪ್ರಯಾಣಕ್ಕೆ ಹೆಚ್ಚು ಹೊತ್ತು ಬೇಡ. ವೃಷಣದೊಳಗಿನ ನವಿರಾದ ನಳಿಕೆಗಳಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ನಳಿಕೆಗಳ ನಡುವಿನ ಜೀವಕೋಶಗಳು ಟೆಸ್ಟೊಸ್ಟೀರಾನ್ ಸ್ರವಿಸುತ್ತವೆ. ದನಿ ಒಡೆಯುವುದು, ಮೀಸೆ ಮೂಡುವುದು ಇದರಿಂದಲೇ. ವೃಷಣದ ಬೆನ್ನಿಗಂಟಿದ ಎಪಿಡಿಡೈಮಿಸ್ ಬಿಚ್ಚಿದರೆ ಸುಮಾರು 6 ಮೀಟರ್ ಉದ್ದದ ಒಂದೇ ನಳಿಕೆ. ಈಜುವ ಶಕ್ತಿ ವೀರ್ಯಾಣುವಿಗೆ ಬರುವುದು ಅಲ್ಲಿ. ಮುಂದೆ ವೀರ್ಯಕೋಶಿಕೆಗಳು ಫ್ರಕ್ಟೋಸ್ ಸಕ್ಕರೆಯುಳ್ಳ ದ್ರವವನ್ನೂ ಪ್ರಾಸ್ಟೇಟ್ ಗ್ರಂಥಿ ತನ್ನ ದ್ರವವನ್ನೂ ಸೇರಿಸುತ್ತವೆ.

ಇಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ವೀರ್ಯದ ಬಹುಪಾಲು ಈ ಗ್ರಂಥಿಗಳ ದ್ರವವೇ ಹೊರತು ವೀರ್ಯಾಣುಗಳಲ್ಲ. ಅವುಗಳ ಪಾಲು ನೂರಕ್ಕೆ 5ನ್ನು ಮೀರುವುದಿಲ್ಲ. ಇಷ್ಟು ಗೊತ್ತಾದರೆ ಎರಡು ಸಂಗತಿ ಬಿಡಿಸಿಕೊಳ್ಳುತ್ತವೆ. ನೂರು ಹನಿ ರಕ್ತದಿಂದ ಒಂದು ಹನಿ ವೀರ್ಯ, ನಿದ್ದೆಯಲ್ಲಿ ಸ್ಖಲನವಾದರೆ ಧಾತು ನಷ್ಟ ಎಂದು ಗೋಡೆಬರಹಗಳು ಹುಡುಗರನ್ನು ಹೆದರಿಸುತ್ತವೆ. ಎಂಜಲು ಊರಿದಂತೆ ಗ್ರಂಥಿಗಳಿಂದ ಊರುವ ದ್ರವ ಅದು, ರಕ್ತ ಬಸಿದು ಆದದ್ದಲ್ಲ. ಎರಡನೆಯದು ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆ. ಕತ್ತರಿಸುವುದು ವೀರ್ಯನಾಳವನ್ನು ಮಾತ್ರ. ವೃಷಣವೂ ಹಾರ್ಮೋನೂ ಮೊದಲಿನಂತೆಯೇ ಇರುತ್ತವೆ, ವೀರ್ಯದ ಪ್ರಮಾಣದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುವುದಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ತ್ರೀ ಸಂತಾನಹರಣ ನೂರಕ್ಕೆ 37.9, ಪುರುಷರದು 0.3. 'ಗಂಡಸಿನ ಶಕ್ತಿ ಹೋಗುತ್ತದೆ' ಎಂಬ ಮಾತನ್ನು ಈ ಚಿತ್ರದ ಮುಂದಿಟ್ಟು ಮಕ್ಕಳೇ ಪರೀಕ್ಷಿಸಲಿ.

ಇನ್ನು ನನ್ನ ದೃಷ್ಟಿಯಲ್ಲಿ ಈ ಪಾಠದಲ್ಲಿ ಬಿಡಲೇಬಾರದ ಭಾಗ. ವೃಷಣವು ರಕ್ತನಾಳ, ನರ, ವೀರ್ಯನಾಳ ಸೇರಿದ ಒಂದು ಹುರಿಯಿಂದ ತೂಗುತ್ತಿರುತ್ತದೆ. ಕೆಲವು ಹುಡುಗರಲ್ಲಿ ಅದು ಚೀಲದ ಗೋಡೆಗೆ ಸರಿಯಾಗಿ ಅಂಟಿಕೊಂಡಿರುವುದಿಲ್ಲ. ಅಂಥವರಲ್ಲಿ ವೃಷಣ ತಿರುಗಿ ಹುರಿ ತಿರುಚಿಕೊಳ್ಳಬಹುದು. ಆಟದಲ್ಲಿ ಪೆಟ್ಟು ಬಿದ್ದಾಗ ಆಗಬಹುದು, ಏನೂ ಇಲ್ಲದೆ ನಿದ್ದೆಯಲ್ಲೂ ಆಗಬಹುದು. ಹೆಚ್ಚಾಗಿ ಕಾಣುವುದು 12ರಿಂದ 18ರ ವಯಸ್ಸಿನಲ್ಲಿ, ಅಂದರೆ ನಮ್ಮ ಮುಂದೆ ಕೂತಿರುವ ಹುಡುಗರ ವಯಸ್ಸಿನಲ್ಲೇ. ರಕ್ತ ನಿಂತುಹೋಗುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿ ತಿರುಚು ಬಿಡಿಸಿದರೆ ವೃಷಣ ಬಹುತೇಕ ಉಳಿಯುತ್ತದೆ. ಒಂದು ದಿನ ಕಳೆದರೆ ಉಳಿಯುವುದು ಅಪರೂಪ.

ತೊಡಕು ಏನೆಂದರೆ, ನೋವು ಎಷ್ಟೋ ಸಲ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ, ಜೊತೆಗೆ ವಾಂತಿ. ನರಗಳು ಮೂತ್ರಪಿಂಡದ ಮಟ್ಟದಿಂದ ಇಳಿದು ಬಂದವು ಎಂದು ಕಲಿತ ಮಗುವಿಗೆ ಇದು ಒಗಟಲ್ಲ. ಕಲಿಯದವನು 'ಹೊಟ್ಟೆನೋವು' ಎನ್ನುತ್ತಾನೆ. ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಜಾಗ ಗೊತ್ತಿದ್ದವನೂ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಹೇಳಲು ಮರ್ಯಾದೆಯ ಪದವೇ ಅವನ ಬಳಿ ಇಲ್ಲ, ಇರುವುದೆಲ್ಲ ಬೈಗುಳ. 'ವೃಷಣ' ಎಂಬ ಪದವನ್ನು ನೀವು ತಡವರಿಸದೆ ನಾಲ್ಕು ಸಲ ಉಚ್ಚರಿಸಿದರೆ ಅವನಿಗೆ ಆ ಪದ ಸಿಗುತ್ತದೆ.

ಪ್ರಾತ್ಯಕ್ಷಿಕೆ ಸುಲಭ. ಹಳೆಯ ಸಲೈನ್ ಕೊಳವೆಯಲ್ಲಿ (ಸೂಜಿ ತೆಗೆದು, ತೊಳೆದದ್ದು) ಬಣ್ಣದ ನೀರು ಹರಿಯಬಿಡಿ. ಕೊಳವೆಯನ್ನು ಒಂದು ಸುತ್ತು, ಎರಡು ಸುತ್ತು ತಿರುಚಿ. ಹನಿ ನಿಲ್ಲುವುದನ್ನು ಮಕ್ಕಳು ನೋಡಲಿ.

ಹುಡುಗಿಯರನ್ನು ಹೊರಗೆ ಕಳಿಸಿ ಈ ಪಾಠ ಮಾಡಬಹುದೇ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಬೇಡ. ಪಾಠ ಅವರ ಪಠ್ಯದಲ್ಲೂ ಇದೆ, ಪರೀಕ್ಷೆಯಲ್ಲೂ ಇದೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಮಗ ನರಳಿದರೆ ಮೊದಲು ಏಳುವವಳು ತಾಯಿ. ಪೂರ್ಣ ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಲ್ಲಿ ವೃಷಣ ಇನ್ನೂ ಇಳಿದಿರುವುದಿಲ್ಲ. ಹೆಚ್ಚಿನವರಲ್ಲಿ ಮೊದಲ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೈಗೇ ಇದು ಮೊದಲು ಗೊತ್ತಾಗುವುದು.

ಮೌಲ್ಯಮಾಪನಕ್ಕೆ 'ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಇರಲಿ, ಅದಕ್ಕೆ ಅಂಕವಿದೆ. ಅದರ ಜೊತೆ ಈ ಪ್ರಶ್ನೆಯನ್ನೂ ಹಾಕಿ: ರಾತ್ರಿ ಎರಡು ಗಂಟೆಗೆ ನಿನ್ನ ತಮ್ಮ ಕಿಬ್ಬೊಟ್ಟೆ ಹಿಡಿದುಕೊಂಡು ಎದ್ದು ಕೂತಿದ್ದಾನೆ, ಒಂದು ಕಡೆಯ ವೃಷಣ ಊದಿದೆ ಎನ್ನುತ್ತಾನೆ. ಅಪ್ಪನನ್ನು ಎಬ್ಬಿಸಿ ಏನೆಂದು ಹೇಳುತ್ತೀಯ? ಬೆಳಗಾಗಲಿ ಎಂದು ಕಾಯಬಹುದೇ, ಯಾಕೆ?