ಬಿಸಿನೀರಿನ ಅವಸರಕ್ಕೆ ಎಷ್ಟು ಆಂಪಿಯರ್?

ಬೀರೂರಿನ ಓದುಗರೊಬ್ಬರ ಪ್ರಶ್ನೆ ಇದು. ಇಂಗ್ಲೆಂಡಿನಲ್ಲಿರುವ ಮಗಳ ಮನೆಯ ಬಚ್ಚಲಲ್ಲಿ ಗೀಸರ್ ಇಲ್ಲವಂತೆ. ಗೋಡೆಗೆ ಅಂಟಿಸಿದ ಪುಟ್ಟ ಡಬ್ಬಿಯೊಂದರಿಂದ ಶವರಿಗೆ ಬಿಸಿನೀರು ಎಡೆಬಿಡದೆ ಬರುತ್ತದಂತೆ. ಅಂಥದ್ದೇ ಒಂದನ್ನು ಇಲ್ಲಿ ಹಾಕಿಸಬಹುದೇ?

ಹಾಕಿಸಬಹುದು. ಡಬ್ಬಿಯ ಜೊತೆಗೆ ಮನೆಯ ವೈರಿಂಗು, ಮೇನ್ ಸ್ವಿಚ್ಚು, ಬಹುಶಃ ಮೀಟರೂ ಬದಲಾಗಬೇಕು, ಅಷ್ಟೇ! ಅಂಥ ಶವರುಗಳ ಮೈಮೇಲೆ 8.5, 9.5, 10.5 ಕಿಲೋವ್ಯಾಟ್ ಎಂದೆಲ್ಲ ನಮೂದಾಗಿರುತ್ತದೆ. ನಮ್ಮ 230 ವೋಲ್ಟಿನಲ್ಲಿ 9.5 ಕಿಲೋವ್ಯಾಟ್ ಎಂದರೆ 41 ಆಂಪಿಯರ್. ನಮ್ಮ ಮನೆಗಳಲ್ಲಿ ‘ಪವರ್ ಪ್ಲಗ್’ ಎಂದು ಕರೆಯುವ ದಪ್ಪ ಸಾಕೆಟ್ಟಿನ ತಾಕತ್ತು 16 ಆಂಪಿಯರಿಗೆ ಮುಗಿಯುತ್ತದೆ.

ಸ್ನಾನದ ನೀರಿಗೆ ಇಷ್ಟೊಂದು ವಿದ್ಯುತ್ ಯಾಕೆ? ನೀರು ಬೇಗ ಬಿಸಿಯಾಗುವ ಪೈಕಿ ಅಲ್ಲ. ಒಂದು ಲೀಟರ್ ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಸುಮಾರು 4,186 ಜೂಲ್ ಶಕ್ತಿ ಬೇಕು. ಈ ಲೆಕ್ಕಕ್ಕೆ ಹೆಸರು ಕೊಟ್ಟ ಜೇಮ್ಸ್ ಪ್ರೆಸ್ಕಾಟ್ ಜೂಲ್, ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುತ್ತಿದ್ದವರ ಮಗ. 1840ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಆತ ಲೋಹದ ತಂತಿಯ ಸುರುಳಿಯನ್ನು ನೀರಿನ ಪಾತ್ರೆಯಲ್ಲಿಟ್ಟು, ಬ್ಯಾಟರಿಯಿಂದ ಕರೆಂಟ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರ್ ಹಿಡಿದು ನೋಡುತ್ತಿದ್ದ. ಬಕೆಟ್ಟಿಗೆ ನಾವು ಇಳಿಬಿಡುವ ಹೀಟರ್ ಕಾಯಿಲ್‌ನ ಮುತ್ತಜ್ಜ ಅದು. ಆತನಿಗೆ ಸಿಕ್ಕ ನಿಯಮ ಹೀಗಿತ್ತು: ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ವೈರಿಂಗಿನ ಬಹುಪಾಲು ಕಟ್ಟಳೆಗಳ ಬೇರು ಇಲ್ಲಿದೆ.

ಜೂಲ್‌ಗೆ ಥರ್ಮಾಮೀಟರಿನ ಹುಚ್ಚು ಎಷ್ಟಿತ್ತೆಂದರೆ, 1847ರಲ್ಲಿ ಹೊಸ ಹೆಂಡತಿಯೊಂದಿಗೆ ಆಲ್ಪ್ಸ್‌ಗೆ ಹೋದಾಗಲೂ ಅದು ಕೈಯಲ್ಲಿತ್ತು, ಜಲಪಾತದ ಬುಡದಲ್ಲಿ ನೀರು ಬೆಚ್ಚಗಾಗಿದೆಯೇ ಎಂದು ಅಳೆಯಲು ಹೊರಟಿದ್ದ ಎಂದು ಲಾರ್ಡ್ ಕೆಲ್ವಿನ್ ಮುಂದೆ ಕತೆ ಹೇಳಿದ್ದುಂಟು. ಆತ ಬೀರೂರು ಜಂಕ್ಷನ್ನಿನಲ್ಲಿ ಕವಲೊಡೆಯುವ ಹಳಿ ಹಿಡಿದು ತಾಳಗುಪ್ಪಕ್ಕೆ ಬಂದು ಜೋಗ ನೋಡಿದ್ದರೆ? 253 ಮೀಟರ್ ಬಿದ್ದ ನೀರಿನ ಶಕ್ತಿಯೆಲ್ಲ ಶಾಖವಾದರೂ ಉಷ್ಣತೆ ಏರುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಇದನ್ನೇ ತಿರುವಿಹಾಕಿ ನೋಡಿ: 15 ಲೀಟರಿನ ಒಂದು ಬಕೆಟ್ ನೀರನ್ನು 20ರಿಂದ 40 ಡಿಗ್ರಿಗೆ ತರಲು, ಅಂಥ 34 ಬಕೆಟ್ ನೀರು ಜೋಗದ ನೆತ್ತಿಯಿಂದ ಬಿದ್ದು, ಒಂದಿಷ್ಟೂ ಸೋರದೆ ವಿದ್ಯುತ್ತಾಗಬೇಕು! ತೆಂಗಿನ ಮಟ್ಟೆ, ಕರಟ ಉರಿಸಿ ಹಂಡೆ ಕಾಯಿಸುತ್ತಿದ್ದವರಿಗೆ ಈ ಲೆಕ್ಕ ಬೇಕಿರಲಿಲ್ಲ.

ಆ ಒಂದು ಬಕೆಟ್ಟಿಗೆ ತಗಲುವುದು 0.35 ಯೂನಿಟ್. ಯಾವ ಕಂಪನಿಯ ಜಾಹೀರಾತು ಏನೇ ಹೇಳಲಿ, ಕಾಯಿಲ್ ಬಿಸಿ ಮಾಡಿ ನೀರು ಕಾಯಿಸುವ ಯಾವ ಯಂತ್ರವೂ ಇದಕ್ಕಿಂತ ಕಡಿಮೆಯಲ್ಲಿ ಆ ಕೆಲಸ ಮುಗಿಸದು. ‘ಇನ್‌ಸ್ಟಂಟ್’ ಗೀಸರ್ ಉಳಿಸುವುದು, ಟ್ಯಾಂಕಿನಲ್ಲಿ ನಿಂತ ನೀರು ಸುಮ್ಮನೆ ಆರಿ ಪೋಲಾಗುವ ಶಾಖವನ್ನು ಮಾತ್ರ. ಉಳಿದಂತೆ ವ್ಯತ್ಯಾಸವೆಲ್ಲ ಅವಸರದ್ದು. 2 ಕಿಲೋವ್ಯಾಟಿನ ಟ್ಯಾಂಕ್ ಗೀಸರ್ ಆ ಬಕೆಟ್ಟಿಗೆ ಹತ್ತೂವರೆ ನಿಮಿಷ ತೆಗೆದುಕೊಂಡು 9 ಆಂಪಿಯರಿನ ಒಳಗೇ ಕೆಲಸ ಮುಗಿಸುತ್ತದೆ. 3 ಕಿಲೋವ್ಯಾಟಿನ ಇನ್‌ಸ್ಟಂಟ್‌ಗೆ 7 ನಿಮಿಷ, 13 ಆಂಪಿಯರ್. ಇಂಗ್ಲೆಂಡಿನ ಡಬ್ಬಿಗೆ ಎರಡು ನಿಮಿಷದ ಮೇಲೆ ಸ್ವಲ್ಪ, 41 ಆಂಪಿಯರ್. ಮೀಟರಿನಲ್ಲಿ ಓಡುವುದು ಮೂರಕ್ಕೂ ಒಂದೇ.

ಅಲ್ಲಿನವರಿಗೆ ಆ ಅವಸರಕ್ಕೆ ಕಾರಣವಿದೆ. ಚಳಿಗಾಲದಲ್ಲಿ ಅವರ ನಲ್ಲಿನೀರು 10 ಡಿಗ್ರಿಗೂ ಕೆಳಗಿಳಿಯುತ್ತದೆ. 30 ಡಿಗ್ರಿ ಏರಿಸಬೇಕೆಂದರೆ 9.5 ಕಿಲೋವ್ಯಾಟ್ ಹಾಕಿದರೂ ನಿಮಿಷಕ್ಕೆ ನಾಲ್ಕೂವರೆ ಲೀಟರ್ ಸಿಗುವುದೇ ಕಷ್ಟ. ಬೀರೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಂಟೆಕ್ಸ್ ನೀರಿಗೆ ಗೀಸರೇ ಬೇಡ.

ಇನ್ನು ವೈರಿನ ವಿಷಯ. ಜೂಲ್‌ನ ನಿಯಮಕ್ಕೆ ಗೀಸರಿನ ಕಾಯಿಲ್ ಬೇರೆ, ಗೋಡೆಯೊಳಗಿನ ತಾಮ್ರ ಬೇರೆ ಎಂಬ ಭೇದವಿಲ್ಲ. ಮೇನ್ ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್ ಎಂದುಕೊಳ್ಳಿ, ಹೋಗಿ ಬರಲು 30 ಮೀಟರ್. ದೀಪ, ಫ್ಯಾನಿಗೆಂದು ಎಳೆದ 1 ಚದರ ಮಿ.ಮೀ. ವೈರಿನಲ್ಲಿ 13 ಆಂಪಿಯರ್ ಹರಿದರೆ ಗೋಡೆಯೊಳಗೆ ಸುಮಾರು 87 ವ್ಯಾಟ್ ಶಾಖ ಹುಟ್ಟುತ್ತದೆ. ಎರಡೂವರೆ ಎಂಎಂ ವೈರಾದರೆ 35 ವ್ಯಾಟ್. 4.5 ಕಿಲೋವ್ಯಾಟಿನ ಇನ್‌ಸ್ಟಂಟ್ ಕೊಂಡವರು 16 ಆಂಪಿಯರಿನ ಸಾಕೆಟ್ಟನ್ನೇ ಮರೆಯಬೇಕು: ಅದು ಎಳೆಯುವುದು 20 ಆಂಪಿಯರಿಗೆ ಹತ್ತಿರ. ನಾಲ್ಕು ಎಂಎಂ ವೈರು, ಪ್ರತ್ಯೇಕ ಎಂಸಿಬಿ, ಪ್ಲಗ್ ಇಲ್ಲದ ನೇರ ಸಂಪರ್ಕ ಬೇಕು.

ಇದಕ್ಕಿಂತ ಕಳ್ಳ ಅಪಾಯ ಸಡಿಲ ಸ್ಕ್ರೂ. ಸಾಕೆಟ್ಟಿನ ಹಿಂದೆ ವೈರು ಸರಿಯಾಗಿ ಕಚ್ಚಿಕೊಳ್ಳದೆ ಅಲ್ಲೊಂದು ಅರ್ಧ ಓಮ್ ತಡೆ ಕೂತಿತೆನ್ನಿ. 13 ಆಂಪಿಯರಿನಲ್ಲಿ 80 ವ್ಯಾಟಿಗೂ ಹೆಚ್ಚು ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು! ಎಂಸಿಬಿ ಇದನ್ನು ತಡೆಯುವುದೂ ಇಲ್ಲ. ಅದು ಬೀಳುವುದು ಕರೆಂಟ್ ಮಿತಿ ಮೀರಿದಾಗ. ಸಡಿಲ ಜೋಡಣೆಯಿಂದ ಕರೆಂಟ್ ತುಸು ಕಡಿಮೆಯೇ ಆಗುತ್ತದೆ. ಪ್ಲಗ್ಗಿನ ಪಿನ್ ಕಪ್ಪಾಗುವುದು, ಸಾಕೆಟ್ ಹಳದಿಗಟ್ಟುವುದು, ಸುಟ್ಟ ವಾಸನೆ, ಇವೇ ಮುನ್ಸೂಚನೆ. ಎಂಸಿಬಿ ಪದೇಪದೇ ಬೀಳುತ್ತದೆಂದು ವೈರನ್ನು ಹಾಗೇ ಬಿಟ್ಟು ದೊಡ್ಡ ಎಂಸಿಬಿ ಕೂರಿಸುವ ‘ರಿಪೇರಿ’ಯೂ ಉಂಟು. ಅಲ್ಲಿಗೆ ವೈರಿಗೆ ಕಾವಲೇ ಇಲ್ಲವಾಯಿತು.

ಬೆಳಿಗ್ಗೆ ವೋಲ್ಟೇಜ್ ಇಳಿದಾಗ ಗೀಸರ್ ಕೆಟ್ಟಿತೆಂದು ದೂರುವವರಿಗೂ ಅದೇ ವರ್ಗದ ಲೆಕ್ಕ: 230 ವೋಲ್ಟ್ 190ಕ್ಕೆ ಇಳಿದರೆ 3 ಕಿಲೋವ್ಯಾಟಿನ ಗೀಸರ್ 2 ಕಿಲೋವ್ಯಾಟಿನದಾಗುತ್ತದೆ. ನಲ್ಲಿ ಸಣ್ಣ ಮಾಡಿದರೆ ಬಿಸಿ ಮತ್ತೆ ಬರುತ್ತದೆ.

ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ. ಅದು 2 ಅಥವಾ 3 ಕಿಲೋವ್ಯಾಟ್ ಇದ್ದರೆ ಇಂಗ್ಲೆಂಡಿನ ಶವರಿನ ಮಾತು ಅಲ್ಲಿಗೇ ನಿಂತಿತು. ನಾಲ್ಕು ಜನರ ಮನೆಯಲ್ಲಿ ದಿನಕ್ಕೊಂದೊಂದು ಬಕೆಟ್ ಎಂದರೂ ತಿಂಗಳಿಗೆ 42 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಹತ್ತಿರ ಇರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಓದುಗರಿಗೆ ನಮ್ಮ ಶಿಫಾರಸು 2 ಕಿಲೋವ್ಯಾಟಿನ ಟ್ಯಾಂಕ್ ಗೀಸರ್, ಅದಕ್ಕೇ ಮೀಸಲಾದ ಎರಡೂವರೆ ಎಂಎಂ ತಾಮ್ರದ ವೈರು, 16 ಆಂಪಿಯರಿನ ಎಂಸಿಬಿ.

ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಮೈಯಲ್ಲಿ ಹರಿಯುವ ಕರೆಂಟ್ ಎಂಸಿಬಿಯನ್ನು ಬೀಳಿಸುವಷ್ಟು ಇರುವುದಿಲ್ಲ, ಜೀವ ತೆಗೆಯಲು ಮಾತ್ರ ಸಾಕಾಗುತ್ತದೆ. ಆರ್‌ಸಿಸಿಬಿ ಅದನ್ನು ಗುರುತಿಸಿ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಅದರ ಮೇಲಿನ ‘ಟಿ’ ಬಟನ್ನನ್ನು ಆಗಾಗ ಒತ್ತಿ ಪರೀಕ್ಷಿಸಬೇಕು. ಅರ್ತಿಂಗ್ ಗುಂಡಿಯನ್ನೂ ಮರೆಯುವಂತಿಲ್ಲ. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಕಡೂರು, ಬೀರೂರಿನ ಬಯಲಿನಲ್ಲಿ ಬೇಸಿಗೆಗೆ ಮಣ್ಣು ಒಣಗಿ ತಡೆ ಏರುತ್ತದೆ. ಫೆಬ್ರವರಿ ದಾಟಿದ ಮೇಲೆ ಆ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹೊಯ್ಯುತ್ತಿರಬೇಕು.