ಮಣ್ಣಿನ ಹಬ್ಬವೂ ಮನೆಯ ಆರೋಗ್ಯವೂ

ಹಬ್ಬವೆಂದೊಡನೆ ಹೊಸ ಬಟ್ಟೆ, ಹೋಳಿಗೆಯೂಟ, ನೆಂಟರಿಷ್ಟರ ಸಮಾಗಮಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಕನ್ನಡ ನಾಡಿನ ಪಂಚಾಂಗದಲ್ಲಿ ನೆಲಕ್ಕೆಂದೇ ಮೀಸಲಾದ ಹಬ್ಬಗಳೂ ಉಂಟು. ಉದ್ಯೋಗಾರ್ಥವಾಗಿ ಊರು ಬಿಟ್ಟು ಮಹಾನಗರ ಸೇರಿದವರ ಮನೆಗಳಲ್ಲಿ ಯುಗಾದಿ, ಗೌರಿ-ಗಣೇಶ, ದೀಪಾವಳಿಗಳು ಉಳಿದುಕೊಂಡಿವೆ. ಮಣ್ಣಿನ ಹಬ್ಬಗಳು ಮಾತ್ರ ಬಹುಮಟ್ಟಿಗೆ ಊರಿನಲ್ಲಿಯೇ ಉಳಿದುಬಿಟ್ಟಿವೆ. ಹೊಲವಿಲ್ಲದ ಮೇಲೆ ಹೊಲದ ಹಬ್ಬವೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಿಯಾದುದೇ. ಆದರೆ ಆ ಹಬ್ಬಗಳೊಡನೆ ಅಡಿಗೆಮನೆಯಿಂದ ಏನೇನು ಹೊರಟುಹೋಯಿತೆಂದು ಎಣಿಸಿದಾಗ ಪ್ರಶ್ನೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ.

ನೆಲಕ್ಕೆ ಮೊದಲ ತುತ್ತು

ಆಶ್ವೀಜ ಮಾಸದ ಹುಣ್ಣಿಮೆ ಮಲೆನಾಡಿಗೆ ಭೂಮಿ ಹುಣ್ಣಿಮೆ. ಬತ್ತ ತೆನೆಗಟ್ಟುವ ಕಾಲವಾದುದರಿಂದ ಭೂಮಿತಾಯಿಯನ್ನು ತುಂಬಿದ ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುತ್ತಾರೆ. ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ, ರಾತ್ರಿ ಎಚ್ಚರವಿದ್ದು ಬೇಯಿಸಿದ ಬಗೆಬಗೆಯ ಸೊಪ್ಪು ತರಕಾರಿಗಳ ಅಡಿಗೆಯನ್ನು ತುಂಬಿ, ಬೆಳಗಿನ ಜಾವದಲ್ಲಿ ಗದ್ದೆಗೆ ಒಯ್ಯುವುದು ರೂಢಿ. ಉತ್ತರ ಕರ್ನಾಟಕದವರಿಗೆ ಅದೇ ದಿನ ಶೀಗಿ ಹುಣ್ಣಿಮೆ. ಮುಂದೆ ಎಳ್ಳಮಾವಾಸ್ಯೆ ಬಂದಾಗ ಬೀದರ, ಕಲಬುರಗಿ, ವಿಜಯಪುರ ಭಾಗದ ಕುಟುಂಬಗಳು ಸಜ್ಜೆ ರೊಟ್ಟಿ, ಅಂಬಲಿ, ಹಲವು ಕಾಳು ಕಾಯಿಪಲ್ಯಗಳು ಕೂಡಿದ ಭಜ್ಜಿ ಇವುಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಪೈರಿಗೆ ಚರಗ ಚೆಲ್ಲಿದ ಬಳಿಕವೇ ಮನೆಮಂದಿಯ ಊಟ.

ತುಳುನಾಡಿನಲ್ಲಿಯೂ ಕಾಸರಗೋಡಿನಲ್ಲಿಯೂ ಫೆಬ್ರವರಿಯ ಸುಮಾರಿಗೆ ಬರುವ ಕೆಡ್ಡಸ ಇನ್ನೊಂದು ಬಗೆ. ಭೂಮಿಯು ಮುಟ್ಟಾಗುವಳೆಂದು ನಂಬಿ ಆ ಮೂರು ದಿನ ಯಾರೂ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ನಂಬಿಕೆಯ ಮಾತು ಹಾಗಿರಲಿ. ದುಡಿದ ಮಣ್ಣಿಗೂ ವಿಶ್ರಾಂತಿ ಬೇಕೆಂಬ ಒಕ್ಕಲುತನದ ವಿವೇಕ ಅದರಲ್ಲಿದೆ. ಈ ಎಲ್ಲ ಹಬ್ಬಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ನೆಲದಿಂದ ಪಡೆದವನು ನೆಲಕ್ಕೆ ಏನನ್ನಾದರೂ, ಅನ್ನವನ್ನೋ ವಿಶ್ರಾಂತಿಯನ್ನೋ, ಹಿಂದಿರುಗಿಸಬೇಕು.

ಹೊಸ ಹೆಸರು, ಹಳೆಯ ತತ್ತ್ವ

ಈ ವಿವೇಕವನ್ನೇ ಆಧುನಿಕ ಜಗತ್ತು ಬೇರೆ ದಾರಿಯಿಂದ ಬಂದು ಮುಟ್ಟಿತು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬವರು 1978ರಲ್ಲಿ ಪ್ರಕಟಿಸಿದ ಗ್ರಂಥದಿಂದ ‘ಪರ್ಮಾಕಲ್ಚರ್’ ಎಂಬ ಶಬ್ದ ಬಳಕೆಗೆ ಬಂದಿತು. ಶಾಶ್ವತ ಕೃಷಿ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಭೂಮಿಯ ಪಾಲನೆ, ಜನರ ಪಾಲನೆ, ಮಿಕ್ಕುದನ್ನು ಹಂಚಿಕೊಳ್ಳುವುದು, ಈ ಮೂರು ಅದರ ಆಧಾರ ಸೂತ್ರಗಳು. ಕಾಡಿನಲ್ಲಿ ಮರ, ಪೊದೆ, ಬಳ್ಳಿ, ಗೆಡ್ಡೆಗಳು ಒಂದನ್ನೊಂದು ಆಶ್ರಯಿಸಿ ಬೆಳೆಯುವಂತೆ ತೋಟವನ್ನೂ ರೂಪಿಸಬೇಕು. ಒಂದರ ಕಸ ಇನ್ನೊಂದರ ಆಹಾರವಾಗಬೇಕು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಏಲಕ್ಕಿ ನೆಟ್ಟು, ಸೊಪ್ಪಿನ ಗೊಬ್ಬರ ಹಾಕುವ ಮಲೆನಾಡಿಗನಿಗೆ ಇದು ತೀರ ಹೊಸ ಪಾಠವೇನೂ ಅಲ್ಲ.

ಇಂತಹ ಕೃಷಿಯನ್ನು ಹಬ್ಬವಾಗಿ ಆಚರಿಸಿದ ಉದಾಹರಣೆ ಕರ್ನಾಟಕದ ಗಡಿಯಲ್ಲಿಯೇ ಇದೆ. ಬೀದರಕ್ಕೆ ಹತ್ತಿರವಿರುವ, ಇಂದು ತೆಲಂಗಾಣಕ್ಕೆ ಸೇರಿದ ಜಹೀರಾಬಾದಿನ ಸುತ್ತಲ ಹಳ್ಳಿಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ಬೀಜದ ಜಾತ್ರೆಯೊಂದು ಹೊರಡುತ್ತದೆ. ಶೃಂಗರಿಸಿದ ಎತ್ತಿನ ಗಾಡಿಗಳಲ್ಲಿ ನವಣೆ, ಸಾಮೆ, ಜೋಳ, ತೊಗರಿ ಮುಂತಾದ ನಾಟಿ ಬೀಜಗಳನ್ನು ಮಡಕೆಗಳಲ್ಲಿ ತುಂಬಿಕೊಂಡು, ಊರಿಂದೂರಿಗೆ ಸುಮಾರು ಒಂದು ತಿಂಗಳು ಸಾಗುವ ಈ ಜಾತ್ರೆಯ ಒಡತಿಯರು ಬಹುಮಟ್ಟಿಗೆ ದಲಿತ ಕುಟುಂಬಗಳ ಸಣ್ಣ ಹಿಡುವಳಿಯ ರೈತ ಮಹಿಳೆಯರು. ಅವರನ್ನು ಸಂಘಟಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದ ಉದ್ಯೋಗ ಬಿಟ್ಟು ಪರನಾಡಿನ ಹಳ್ಳಿಗಳಲ್ಲಿ ನೆಲೆಸಿ, 2023ರ ಮಾರ್ಚಿಯಲ್ಲಿ ತೀರಿಕೊಳ್ಳುವವರೆಗೂ ಸಿರಿಧಾನ್ಯಗಳಿಗಾಗಿ ದುಡಿದರು. ಈ ಮಹಿಳಾ ಸಂಘಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ‘ಇಕ್ವೇಟರ್’ ಪ್ರಶಸ್ತಿ ಸಂದಿತು. ಅದೇ ಜಹೀರಾಬಾದಿನ ಬಳಿಯ ಬಿಡಕನ್ನೆ ಗ್ರಾಮದಲ್ಲಿ 2017ರ ನವೆಂಬರ್-ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪರ್ಮಾಕಲ್ಚರ್ ಸಮಾವೇಶವೂ ನೆರೆದಿತ್ತು.

ಎರಡು ಪಡೆದು ನಾಲ್ಕು ಕೊಡುವ ಉತ್ಸವ

ತಮಿಳುನಾಡಿನಲ್ಲಿಯೂ ಇಂತಹುದೊಂದು ಉತ್ಸವ ಬೇರೂರಿದೆ. ತಿರುವಾರೂರು ಜಿಲ್ಲೆಯ ತಿರುತ್ತುರೈಪ್ಪೂಂಡಿಯ ಸಮೀಪದ ಆದಿರಂಗಂ ಗ್ರಾಮದಲ್ಲಿ 2006ರಲ್ಲಿ ‘ನೆಲ್ ತಿರುವಿಳಾ’ ಅಂದರೆ ಬತ್ತದ ಹಬ್ಬ ಆರಂಭವಾಯಿತು. ನಮ್ಮಾಳ್ವಾರರ ಶಿಷ್ಯರಾದ ಜಯರಾಮನ್ ಅವರು ಇದರ ಜೀವಾಳವಾಗಿದ್ದರು. ‘ನೆಲ್’ ಎಂಬುದು ಅವರ ಹೆಸರಿನ ಹಿಂದೆಯೇ ಸೇರಿಹೋಯಿತು. ಬಂದ ರೈತನಿಗೆ ಎರಡು ಕಿಲೋ ನಾಟಿ ಬತ್ತದ ಬೀಜವನ್ನು ಕೊಡುವುದು, ಮರುವರ್ಷ ಅವನು ನಾಲ್ಕು ಕಿಲೋ ಹಿಂದಿರುಗಿಸುವುದು, ಇಷ್ಟೇ ಅದರ ಕರಾರು. ಈ ಸರಳ ಲೆಕ್ಕದಿಂದಲೇ ಮಾಪ್ಪಿಳ್ಳೈ ಸಾಂಬಾ, ಕಾಟ್ಟುಯಾನಂ ಮುಂತಾದ ನೂರೈವತ್ತಕ್ಕೂ ಮಿಕ್ಕ ತಳಿಗಳು ಮತ್ತೆ ಗದ್ದೆಗಿಳಿದವು. ಜಯರಾಮನ್ 2018ರ ಡಿಸೆಂಬರ್ 6ರಂದು ನಿಧನರಾದರು. ಅವರು ಹಾಕಿಕೊಟ್ಟ ಕರಾರು ಮುಂದುವರಿದಿದೆ.

ಕರ್ನಾಟಕದಲ್ಲಿ ಶಿರಸಿಯ ‘ವನಸ್ತ್ರೀ’ ಎಂಬ ಮಹಿಳಾ ಬಳಗ ಮಳೆಗಾಲಕ್ಕೆ ಮುನ್ನ ಮಲೆನಾಡ ಮೇಳವನ್ನು ನಡೆಸುತ್ತ ಬಂದಿದೆ. ಹಿತ್ತಿಲಿನ ತರಕಾರಿ ಬೀಜಗಳ ವಿನಿಮಯವೇ ಅದರ ಮುಖ್ಯ ಆಕರ್ಷಣೆ. ‘ಸಹಜ ಸಮೃದ್ಧ’ ಸಂಸ್ಥೆ ಬೇರೆ ಬೇರೆ ಊರುಗಳಲ್ಲಿ ದೇಸಿ ಬೀಜ, ಹಲಸು ಮತ್ತು ಗೆಡ್ಡೆಗೆಣಸುಗಳ ಮೇಳಗಳನ್ನು ಏರ್ಪಡಿಸುತ್ತಿದೆ. ಅಲ್ಲಿಂದ ಮನೆಗೆ ಮರಳುವ ಗೃಹಿಣಿಯ ಚೀಲದಲ್ಲಿ ತಿಂಡಿಯ ಪೊಟ್ಟಣದ ಜೊತೆಗೆ ಬೀಜದ ಪೊಟ್ಟಣವೂ ಇರುತ್ತದೆ. ಬರಿಯ ಸಂತೆಗೂ ಈ ಹಬ್ಬಗಳಿಗೂ ಇರುವ ಭೇದ ಇದೇ.

ಪೆರಂಬೂರಿಗೂ ಇದಕ್ಕೂ ಏನು ಸಂಬಂಧ?

ಪಿರಂಬು ಎಂದರೆ ತಮಿಳಿನಲ್ಲಿ ಬೆತ್ತ. ಬೆತ್ತದ ಮೆಳೆಗಳಿದ್ದ ಊರಾದುದರಿಂದ ಪೆರಂಬೂರೆಂಬ ಹೆಸರು ಬಂದಿತೆಂದು ಹೇಳುತ್ತಾರೆ. ಮುಂದೆ ಅದು ರೈಲ್ವೆ ಕಾರ್ಖಾನೆಗಳ ಹಾಗೂ ಗಿರಣಿಗಳ ನೆರೆಯ ಊರಾಯಿತು. 1955ರ ಅಕ್ಟೋಬರ್ 2ರಂದು ರೈಲು ಡಬ್ಬಿಗಳ ದೊಡ್ಡ ಕಾರ್ಖಾನೆ ಐ.ಸಿ.ಎಫ್. ಉದ್ಘಾಟನೆಯಾದ ಮೇಲೆ ಹಲವು ನಾಡುಗಳ ಜನ ಇಲ್ಲಿ ಬಂದು ನೆಲೆಸಿದರು. ಮಣ್ಣು ಕಾಂಕ್ರೀಟಿನಡಿ ಮರೆಯಾದುದು ಬೆಳವಣಿಗೆಯ ಇನ್ನೊಂದು ಮುಖ.

ಅದರ ಪರಿಣಾಮವನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ. 2019ರ ಬೇಸಿಗೆಯಲ್ಲಿ ಚೆನ್ನೈಯ ಜಲಾಶಯಗಳು ಬತ್ತಿಹೋದಾಗ, ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ ಸುಮಾರು 25 ಲಕ್ಷ ಲೀಟರ್ ನೀರನ್ನು ಹೊತ್ತ ರೈಲು ಬಂದು ನಿಂತುದು ನೆರೆಯ ವಿಲ್ಲಿವಾಕ್ಕಂನಲ್ಲಿ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ನೀರೇ ಅದು. ನಾಲ್ಕು ವರ್ಷ ಕಳೆದು, 2023ರ ಡಿಸೆಂಬರ್‌ನ ‘ಮಿಚಾಂಗ್’ ಚಂಡಮಾರುತದ ಮಳೆಗೆ ಪೆರಂಬೂರಿನ ಬೀದಿಗಳಲ್ಲಿ ನೀರು ನಿಂತಿತು. ಮಳೆನೀರನ್ನು ಇಂಗಿಸಿಕೊಳ್ಳುವ ಮಣ್ಣು ಕಡಮೆಯಾದಲ್ಲಿ ಬರವೂ ನೆರೆಯೂ ಒಂದರ ಹಿಂದೊಂದು ಬರುವುದರಲ್ಲಿ ಆಶ್ಚರ್ಯವಿಲ್ಲ.

ಕಸದ ಕಥೆಯೂ ಹೀಗೆಯೇ. ಉತ್ತರ ಚೆನ್ನೈಯ ಕಸ ದಶಕಗಳಿಂದ ಸೇರುತ್ತ ಬಂದಿರುವ ಕೊಡುಂಗೈಯೂರಿನ ತಿಪ್ಪೆ ಪೆರಂಬೂರಿಗೆ ದೂರವೇನಲ್ಲ. ನಗರದ ಮನೆಗಳ ಕಸದಲ್ಲಿ ಸುಮಾರು ಅರ್ಧದಷ್ಟು ತರಕಾರಿಯ ಸಿಪ್ಪೆ, ಉಳಿದ ಅನ್ನದಂತಹ ಕೊಳೆಯುವ ವಸ್ತು. ಗೊಬ್ಬರವಾಗಬೇಕಾದುದು ಅಲ್ಲಿ ಬೆಂಕಿಯಾಗಿ, ಹೊಗೆಯಾಗಿ, ನೆರೆಹೊರೆಯವರ ಕೆಮ್ಮಾಗಿ ಪರಿಣಮಿಸುತ್ತದೆ. ಭೋಗಿಯ ದಿನ ಹಳೆಯ ಟೈರು, ಪ್ಲಾಸ್ಟಿಕ್ ಸುಡುವ ಚಾಳಿಯೂ ಇದಕ್ಕೆ ಸೇರುತ್ತದೆ. 2018ರ ಭೋಗಿಯ ಮುಂಜಾನೆ ಮಂಜು ಬೆರೆತ ಹೊಗೆಯಿಂದ ಚೆನ್ನೈಯ ವಿಮಾನ ಸಂಚಾರವೇ ಅಸ್ತವ್ಯಸ್ತಗೊಂಡಿತ್ತು. ಉಬ್ಬಸವುಳ್ಳವರಿಗೂ ಎಳೆಯ ಮಕ್ಕಳಿಗೂ ಆ ಹೊಗೆ ವಿಷಪ್ರಾಯವಾದುದು. ಉತ್ತರ ಕರ್ನಾಟಕದ ಭೋಗಿಯಾದರೋ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ, ಆ ಋತುವಿನ ಕಾಯಿಪಲ್ಯಗಳೆಲ್ಲ ಕೂಡಿದ ಪಲ್ಯದ ಹಬ್ಬ. ಆರೋಗ್ಯದ ದೃಷ್ಟಿಯಿಂದ ಯಾವುದು ಲೇಸೆಂದು ಹೇಳಬೇಕಾಗಿಲ್ಲ.

ತಟ್ಟೆಯಲ್ಲಿನ ಲೆಕ್ಕ

ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಮುಂದಾಳಾಗಿ, ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳು, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆ ವಂಶ, ತೂಕ, ದೇಹಶ್ರಮದ ಅಭಾವ ಮುಂತಾದ ಅನೇಕ ಕಾರಣಗಳಿದ್ದರೂ ಮೂರು ಹೊತ್ತೂ ಪಾಲಿಶ್ ಮಾಡಿದ ಅಕ್ಕಿಯನ್ನೇ ಉಣ್ಣುವುದೂ ಸಣ್ಣ ಕಾರಣವಲ್ಲ. ಹೊಲದ ಹಬ್ಬಗಳ ಅಡಿಗೆಯಲ್ಲಿ ಧಾನ್ಯಗಳ ವೈವಿಧ್ಯವೂ ಸೊಪ್ಪಿನ ಸಮೃದ್ಧಿಯೂ ಇದ್ದವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿನ ಆಸುಪಾಸು.

ಹೆಸರು ತಿಳಿಯದ ಕಾರಣ ಅಂಗಡಿಯಲ್ಲಿ ಕೇಳಲು ಹಿಂಜರಿಯುವವರಿಗೆ ಇಷ್ಟು ನೆನಪಿದ್ದರೆ ಸಾಕು: ನವಣೆ ತಮಿಳಿನಲ್ಲಿ ತಿನೈ, ಹಾರಕ ವರಗು, ಊದಲು ಕುದಿರೈವಾಲಿ, ಸಜ್ಜೆ ಕಂಬು, ರಾಗಿ ಕೇಳ್ವರಗು, ಸಾಮೆ ಸಾಮೈಯೇ. ಸೊಪ್ಪುಗಳಲ್ಲಿ ಒಂದೆಲಗ ವಲ್ಲಾರೈ, ಗಣಿಕೆ ಸೊಪ್ಪು ಮಣತ್ತಕ್ಕಾಳಿ, ಹೊನಗೊನೆ ಪೊನ್ನಾಂಗಣ್ಣಿ, ದೊಡ್ಡಪತ್ರೆ ಕರ್ಪೂರವಳ್ಳಿ.

ಇಲ್ಲಿ ಕೆಲವು ಎಚ್ಚರಿಕೆಗಳೂ ಅವಶ್ಯ. ಸಿರಿಧಾನ್ಯವು ಮಧುಮೇಹಕ್ಕೆ ಔಷಧವಲ್ಲ. ನುಣ್ಣನೆಯ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲುದು; ಪ್ರಮಾಣ ಮಿತವಾಗಿರಬೇಕು, ಜೊತೆಗೆ ಕಾಳು, ಸೊಪ್ಪು ಇರಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ಪತ್ರೊಡೆಯ ಕೆಸುವಿನಲ್ಲಿ ಆಕ್ಸಲೇಟ್ ಇರುವುದರಿಂದ ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಅದನ್ನು ತ್ಯಜಿಸುವುದು ಲೇಸು. ಆಟಿ ಅಮಾವಾಸ್ಯೆಯಂದು ತುಳುವರು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯವನ್ನು ಮರ ಗುರುತಿಲ್ಲದವರು ಪ್ರಯೋಗಿಸಬಾರದು. ವಿಷವುಳ್ಳ ಕಾಸರಕದ ತೊಗಟೆ ತಪ್ಪಿ ಬಂದರೆ ಪ್ರಾಣಕ್ಕೇ ಅಪಾಯ.

ತಾರಸಿಯ ಮೇಲಿನ ಕೈತೋಟ

ತುಳುವರ ಆಟಿಯೂ ತಮಿಳರ ಆಡಿಯೂ ಒಂದೇ ತಿಂಗಳು. ಆಡಿಯಲ್ಲಿ ಬಿತ್ತಬೇಕೆಂಬುದು ತಮಿಳು ರೈತರ ನಾಣ್ಣುಡಿ. ಚೆನ್ನೈಯ ಕೈತೋಟಕ್ಕೂ ಅದು ಸರಿಯಾದ ಕಾಲ. ಎರಡನೆಯ ಬಿತ್ತನೆಗೆ ಸಂಕ್ರಾಂತಿಯಿಂದಾಚೆಯ ತೈ ತಿಂಗಳು ಅನುಕೂಲ. ದಂಟು, ಬಸಳೆ, ಮೆಂತ್ಯ, ಬೆಂಡೆ, ಬದನೆ ಇವು ಮೊದಲ ವರ್ಷಕ್ಕೆ ಸಾಕು. ಬಾಡಿಗೆ ಮನೆಯಾದರೆ ಮಾಲಿಕರ ಒಪ್ಪಿಗೆ ಪಡೆಯುವುದು, ತಾರಸಿ ಸೋರದಂತೆಯೂ ಭಾರ ಹೆಚ್ಚದಂತೆಯೂ ನೋಡಿಕೊಳ್ಳುವುದು ಮೊದಲ ಕರ್ತವ್ಯ. ಕೆಮ್ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದರೆ ಚೀಲ ಹಗುರವಾಗುತ್ತದೆ. ಹಳೆಯ ಕಾರ್ಖಾನೆಯ ಮಗ್ಗುಲಿನ ಅಥವಾ ದಟ್ಟ ವಾಹನ ಸಂಚಾರದ ರಸ್ತೆಯಂಚಿನ ಮಣ್ಣಿನಲ್ಲಿ ಸೀಸದಂತಹ ಲೋಹ ಸೇರಿರುವ ಸಂಭವವಿದೆ. ಅದನ್ನು ತರಕಾರಿಗೆ ಬಳಸಬಾರದು.

ಅಡಿಗೆಮನೆಯ ಸಿಪ್ಪೆಗೆ ತೂತುಗಳುಳ್ಳ ಒಂದು ಮಣ್ಣಿನ ಮಡಕೆ ಸಾಕು. ಒಂದು ಪದರ ಹಸಿ ಸಿಪ್ಪೆ, ಅದರ ಮೇಲೆ ತುಸು ದಪ್ಪನಾಗಿ ಒಣ ಎಲೆ ಅಥವಾ ನಾರಿನ ಪುಡಿ, ನಡುನಡುವೆ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೆದಕುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ವಾಸನೆ ಬಂದರೆ ತೇವ ಹೆಚ್ಚಿತೆಂದು ತಿಳಿದು ಒಣ ಎಲೆ ಸೇರಿಸಬೇಕು.

ಡೆಂಗೆ ಜ್ವರವನ್ನು ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿಯೇ ಹುಟ್ಟುವುದೆಂಬುದನ್ನು ತೋಟಗಾರರು ಮರೆಯಬಾರದು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ಕುಂಡದ ಕೆಳಗಿನ ತಟ್ಟೆ, ಬಕೆಟ್ಟು, ಪೀಪಾಯಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಬೇಕು. ಬರಿಯ ನೀರು ಚೆಲ್ಲಿದರೆ ಸಾಲದು. ಒಣಗಿದ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವು.

ಸಂಘದ ಅಂಗಳದಲ್ಲಿ

ಮುಂಬಯಿ, ಬೆಂಗಳೂರುಗಳ ತುಳು ಸಂಘಗಳು ‘ಆಟಿಡೊಂಜಿ ದಿನ’ ಎಂದು ವರ್ಷಕ್ಕೊಮ್ಮೆ ಕೂಡಿ ಆ ತಿಂಗಳ ಅಡಿಗೆಗಳನ್ನು ಮಕ್ಕಳಿಗೆ ಉಣಬಡಿಸುತ್ತವೆ. ನಗರದಲ್ಲಿಯೂ ನೆಲದ ಹಬ್ಬ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪೆರಂಬೂರಿನ ಕನ್ನಡ ಕುಟುಂಬಗಳೂ ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆಗೆ ಕಾಗದದ ಪೊಟ್ಟಣದಲ್ಲಿ ಹತ್ತು ಬೀಜಗಳನ್ನು ಬೀರಬಹುದು. ಪಡೆದವರು ಮರುವರ್ಷ ಇಪ್ಪತ್ತು ಬೀಜಗಳನ್ನು ತಂದೊಪ್ಪಿಸುವುದೆಂಬ ಆದಿರಂಗಂನ ಕರಾರು ಇಲ್ಲಿಯೂ ನಡೆದೀತು. ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆಗಳು ತಮಿಳುನಾಡಿನಲ್ಲಿ 2019ರ ಜನವರಿ 1ರಿಂದಲೇ ನಿಷಿದ್ಧ; ಸಂಘದ ಊಟ ಬಾಳೆಯೆಲೆಯಲ್ಲಾಗಿ, ಉಂಡ ಎಲೆ ಗೊಬ್ಬರದ ಮಡಕೆ ಸೇರಿದರೆ ಸರಿ.

ಬೀಜವನ್ನು ಬೂದಿ ಬೆರೆಸಿ ಕಾಪಿಡುವುದು ಹೇಗೆ, ಯಾವ ಕಾಯಿಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಡಬೇಕು, ಯಾವ ಸೊಪ್ಪು ಬಾಣಂತಿಗೆ ಒಗ್ಗುವುದು ಎಂಬುದನ್ನು ಬಲ್ಲ ಅಜ್ಜಿಯರು ಈ ಬಡಾವಣೆಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳುವವರು ಮಾತ್ರ ಕಡಮೆಯಾಗಿದ್ದಾರೆ. ಮೊಮ್ಮಕ್ಕಳ ಕೈಗೆ ಆ ಬೀಜವೂ ಬಾಯಿಗೆ ಆ ಹೆಸರುಗಳೂ ಅವರಿರುವಾಗಲೇ ದಾಟಬೇಕು. ಬರುವ ಸಂಕ್ರಾಂತಿಯಂದು ಒಂದೊಂದು ಮನೆಯಿಂದ ಒಂದೊಂದು ಬೀಜದ ಪೊಟ್ಟಣ ಸಂಘದ ಅಂಗಳಕ್ಕೆ ಬಂದರೆ ಕಾರ್ಯ ಆರಂಭವಾದಂತೆಯೇ ಸರಿ.